ಒಂದೂವರೆ

ನವನಗರದ ಲ್ಯಾಬಿನ ಹಿಂದಿನ ಕೋಣಿಯೊಳಗ
ಇಪ್ಪತ್ತಮೂರು ಬಾಟಲಿ ಸಾಲಾಗಿ ನಿಂತಿದ್ವು
ಕೊರಳಿಗೆ ಚೀಟಿ ಕಟ್ಟಿಕೊಂಡು:
ಗರಡಿಮನಿ ಮುಂದಿನ ಬೋರು,
ದರ್ಗಾದ ಬೇವಿನ ಬುಡದ್ದು,
ಸಾಲಿ ಹಿಂದಿನದು, ಹಿಡಿಕಿ ಸಡ್ಲ ಐತಿ,
ಚನಬಸವ್ವನ ಓಣಿಯದು.
ನೀರು ಮಾತ್ರ ಎಲ್ಲಾದ್ರಾಗೂ ಒಂದ ಬಣ್ಣ,
ಬಣ್ಣ ಇಲ್ಲದ ಬಣ್ಣ.

ಅಳೆದೆ. ಅಂಕಿಗಳನ್ನ ಪಟ್ಟಿಗೆ ಹಾಕಿದೆ.
ಇದು ಚಿಹ್ನೆಗಳ ಭಾಷೆ;
ಕಂಸದ ಹೊಟ್ಟಿಯೊಳಗ ಇನ್ನೊಂದು ಕಂಸ,
ಬಸುರಿನೊಳಗ ಬಸುರು.
ಗೊತ್ತಿಲ್ಲದ್ದು ಕೊಟ್ರ ಬೈಯಾಂಗಿಲ್ಲ,
ಕೊಟ್ಟದ್ದನ್ನ ಕೊಟ್ಟಂಗ ಹೊಳ್ಳಿ ಕೊಡತೈತಿ,
ಗಂಟು ಬಿಚ್ಚದ ವಾಪಸ್ ಬಂದ ಬುತ್ತಿ.

ಬರೆದೆ:
ಪಟ್ಟಿಯೊಳಗಿನ ಒಂದೊಂದಕ್ಕೂ,
ಒಂದೂವರೆಗಿಂತ ಹೆಚ್ಚಿದ್ರ ಕೆಂಪು,
ಇಲ್ಲಾಂದ್ರ ಇದ್ದಂಗ.

ಒಂಬತ್ತು ಅಂಕಿ ಕೆಂಪಾದ್ವು
ನಿಂತ ನಿಂತಲ್ಲೇ, ಯಾರನ್ನೂ ಕೇಳದ.
ಉಳಿದ ಹದಿನಾಲ್ಕು ಕರೇ ಶಾಯಿಯೊಳಗ
ಸುಮ್ಮನ ಉಸಿರು ಬಿಟ್ಟಂಗ ಕಂಡ್ವು.

ಸಾಹೇಬ್ರು ಬಂದು ಕೇಳಿದ್ರು,
ಎಲ್ಲಾದ್ರಾಗ ದೊಡ್ಡದು ಯಾವುದು?
ಯಂತ್ರಕ್ಕ ಕೇಳಿದೆ.
ಇಡೀ ಪಟ್ಟಿಯನ್ನ ಹಂಗ ತಿರುಗಿ ಚೆಲ್ಲಿತು.
ಕೆಂಪು ಅಂಗಿ ತೊಟ್ಟ ಮೂರು ಪಾಯಿಂಟ್ ಒಂದು
ಇನ್ನ ಅಂಕಿ ಅಲ್ಲವಂತ.
ಎರಡಕ್ಕಿಂತ ದೊಡ್ಡದೇನು?
ಬಾಯಿ ಬಿಡಲಿಲ್ಲ.
ಬಣ್ಣ ಹಚ್ಚಿದ ಮ್ಯಾಲ ಯಾರೂ ಎಷ್ಟು ಅಂತ ಕೇಳಾಂಗಿಲ್ಲ,
ಯಂತ್ರ ಸೈತ.

ಚನಬಸವ್ವನ ಮೊಮ್ಮಗಳು ತುಟಿ ಮುಚ್ಚಿ ನಗತಾಳ.
ನೋಡಾಕ ಬಂದವರು
ಓಣಿಯ ಹೆಸರು ಕೇಳಿ ಚಹಾ ಅರ್ಧಕ್ಕ ಇಟ್ಟು ಎದ್ದರಂತ.
ಆಕಿ ಹಲ್ಲು ಎಷ್ಟು ಕಂದು, ಅಂಚೋ, ನಡುವೋ,
ಅಳೆದವರು ಯಾರು?

ಪಟ್ಟಿ ಪ್ರಿಂಟ್ ತಗೊಂಡು ಹೋದಾಂವ ದಾವಲಸಾಬ,
ಸೈಕಲ್ಲಿನ ಹಿಂದ ಎರಡು ಡಬ್ಬಿ, ಒಂದು ಕೆಂಪು, ಒಂದು ನೀಲಿ.
ಪರದೆಯ ಮ್ಯಾಲ ನಾ ಹಚ್ಚಿದ್ದನ್ನ
ಕಬ್ಬಿಣದ ಮ್ಯಾಲ ಹಚ್ಚಾಂವ.
ಹೋಗುವಾಗ ನಕ್ಕ. ಮುಂದಿನ ನಾಕೂ ಹಲ್ಲಿಗೆ
ಹಳೇ ಬೋರಿನ ಗೆರಿ.
"ಇದನ್ನ ಹಚ್ಚಿದಾಂವ ಪಟ್ಟಿ ನೋಡಿರಲಿಲ್ಲರಿ ಅಕ್ಕಾರ" ಅಂದ.

ಮಧ್ಯಾಹ್ನ ಫೋನು.
"ಸಾಲಿ ಹಿಂದಿಂದು, ಬರೋಬ್ಬರಿ ಒಂದೂವರೆ ಅಂತ ಬರದೀರಿ.
ಇದಕ್ಕ ಯಾವ ಡಬ್ಬಿ ಬಿಚ್ಚಲಿ?"

ಉಳಿದಿದ್ದ ನೀರಿನೊಳಗ ಮತ್ತ ಅದ್ದಿದೆ.
ಒಂದು ಪಾಯಿಂಟ್ ನಾಕೊಂಬತ್ತು. ಐದೊಂದು. ಐದು.
ಮುಳ್ಳು ಇಲ್ಲದ ತಕ್ಕಡಿ ತೂಗಿದಂಗ.
ನನ್ನ ಷರತ್ತು ನೋಡಿದೆ: ಹೆಚ್ಚಿದ್ರ.
ಸಮ ಇದ್ರ ಏನು ಅಂತ ನಾ ಹೇಳಿರಲಿಲ್ಲ.
ಹೇಳದ್ದು "ಇಲ್ಲಾಂದ್ರ"ದ ಪಾಲಾಗಿ
ಕರೇ ಶಾಯಿಯೊಳಗ ಕುಂತಿತ್ತು.

"ಬಿಸಿಲೈತ್ರಿ, ಡಬ್ಬಿ ಕೆನಿಗಟ್ಟಾಕ ಹತ್ತೈತಿ."

ಚಿಹ್ನೆಯ ಕೆಳಗ ಒಂದು ಗೀಟು ಎಳೆದೆ,
ಉಗುರಿನಷ್ಟು.
ಹತ್ತನೇದು ಕೆಂಪಾತು.
ಅರವತ್ತು ಮನಿಯ ಕೊಡ
ಅರ್ಧ ಹರದಾರಿ ಆಚೆ ಸರಿದ್ವು.

"ಕೆಂಪು" ಅಂದೆ.
ಆ ಕಡೆ ತುಸು ಹೊತ್ತು
ಬರೇ ಹಿಡಿಕಿಯ ಕಿರ್ ಕಿರ್, ಯಾರೋ ನೀರು ಜಗ್ಗತಿದ್ರು.
"ಹಚ್ಚತೀನ್ರಿ" ಅಂದ ದಾವಲಸಾಬ.
"ಹಿಡಿಕಿ ಅಷ್ಟು ಬಿಡತೀನಿ.
ಹುಡುಗ್ರು ಪಾಳಿ ಹಚ್ಯಾವ,
ಹಸಿ ಬಣ್ಣ ಕೈಗೆ ಹತ್ತತೈತಿ."